ಕಂತು 14: ಶಮಿತಾ ಬಾಯಲ್ಲಿ 'ಅವರು ಬಂದ್ರು' ಸರಿಯಾ?

ಕಡಲತಡಿ_ಓದುಗ
ಓದದವರಿಗಾಗಿ ಎರಡು ಮಾತು. ಮಲ್ಪೆ ಬಂದರಿನ ಕಾಮಿಕ್ ಇದು. ಐಸ್ ಪ್ಲಾಂಟ್‌ನಲ್ಲಿ ಲೆಕ್ಕ ಬರೆಯುವ ಕಿರಣ್, ಬೋಟು ಮಾಲಕರ ಮಗಳು ಶಮಿತಾ. 'ನಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ' ಅಂತ ಕಿರಣ್ ಹೇಳಿದ್ದು 9ನೇ ಕಂತಿನಲ್ಲಿ. ಅಲ್ಲಿಂದೀಚೆಗೆ ನಿರೂಪಣೆಯ ಡಬ್ಬಿಗಳಲ್ಲೆಲ್ಲ 'ಅವರು'. ಅದು ಹೇಗೂ ಅಭ್ಯಾಸವಾಗಿತ್ತು. ಈಗ 14ರಲ್ಲಿ ಶಮಿತಾಳೂ ಅಮ್ಮನ ಹತ್ತಿರ 'ಅವರು ಬಂದ್ರು' ಅನ್ನುತ್ತಾಳೆ. ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಕಿರಣ್ ಕೈ ಹಿಡಿದುಕೊಂಡು ಕೂತವಳು ಹೆಡ್‌ಮಾಸ್ಟ್ರು ಬಂದ ಹಾಗೆ ಮಾತಾಡಿದರೆ ಹೇಗೆ? ನನಗಂತೂ ಇಬ್ಬರ ನಡುವೆ ಏನೋ ಕೆಟ್ಟಿದೆ ಅಂತಲೇ ಅನಿಸಿತು.

ರಥಬೀದಿ_ಸಂಜೆ
ಎಂತ ಮಾರಾಯ್ರೆ ನೀವು! ನಮ್ಮ ಕಡೆ ಹೆಂಗಸರ ಬಾಯಲ್ಲಿ ಹೆಸರಿಲ್ಲದ ಬರೀ 'ಅವರು' ಅಂದ್ರೆ ಯಾರು? ಗಂಡ. 'ಅವರು ಮನೆಯಲ್ಲಿಲ್ಲ'. ತುಳುವಿನಲ್ಲಿ 'ಆರ್ ಇಜ್ಜೆರ್' ಅಂದರೂ ಅದೇ. ಆ ಪುಟ ಇನ್ನೊಮ್ಮೆ ನೋಡಿ. ಅಮ್ಮ ಮೆಟ್ಟುಕತ್ತಿಯಲ್ಲಿ ಬಂಗುಡೆ ಕೊಯ್ಯುತ್ತಿದ್ದಾರೆ. ಮುಂದಿನ ಚೌಕದಲ್ಲಿ ಮೀನು ಅರ್ಧ ಸೀಳಿದೆ, ಕೈ ನಿಂತಿದೆ, ಮುಖ ತೋರಿಸಿಲ್ಲ. ಹೆಡ್‌ಮಾಸ್ಟ್ರು ಬಂದದ್ದಕ್ಕೆ ಯಾರ ಕೈಯೂ ಹಾಗೆ ನಿಲ್ಲುವುದಿಲ್ಲ. ಮಗಳು ಎಂತ ಹೇಳಿಬಿಟ್ಟಳು ಅಂತ ಅಮ್ಮನಿಗೆ ಗೊತ್ತಾಗಿದೆ, ನಿಮಗೆ ಗೊತ್ತಾಗಲಿಲ್ಲ ಅಷ್ಟೆ.

ಮಣಿಪಾಲದ_ಮಳೆ
ಆ ಓದು ಒಪ್ಪುತ್ತೇನೆ. ಆದರೆ ಹಾಗಾದರೆ ಕಿರಣ್ ಗಂಡನ ಜಾಗಕ್ಕೆ ಬಂದ ಹಾಗಾಯಿತಲ್ಲ. 9ರಲ್ಲಿ ಬಿಟ್ಟದ್ದನ್ನು 14ರಲ್ಲಿ ಹಿಂಬಾಗಿಲಿಂದ ಒಳಗೆ ಕರೆದಂತೆ. ಬರೆಯುವವರು ಬೇಕೆಂದೇ ಮಾಡಿದ್ದರೆ ಜಾಣತನ. 'ಅವರು' ಬಿಟ್ಟು ಬೇರೆ ದಾರಿ ಹೊಳೆಯದೆ ಬಂದಿದ್ದರೆ ಸೋಮಾರಿತನ, ಯಾಕೆಂದರೆ ಕನ್ನಡದಲ್ಲಿ ದಾರಿ ಬೇಕಾದಷ್ಟು ಉಂಟು.

ಕ್ರಿಯಾಪದದಲ್ಲಿ ಗಂಡು-ಹೆಣ್ಣು ಕಾಣುವುದು ಪ್ರಥಮ ಪುರುಷದ ಏಕವಚನದಲ್ಲಿ ಮಾತ್ರ: ಬಂದ, ಬಂದಳು, ಬರುತ್ತಾನೆ, ಬರುತ್ತಾಳೆ. ಇಲ್ಲ ಅಂದ ಕೂಡಲೇ ಅದು ಹೋಯಿತು: 'ಕಿರಣ್ ಬರಲಿಲ್ಲ', 'ಬರುವುದಿಲ್ಲ'. ಬರಬೇಕು, ಬರಬಹುದು, ಬರಲಿ, ಯಾವುದಕ್ಕೂ ಲಿಂಗವಿಲ್ಲ. 'ಕಿರಣ್‌ಗೆ ಸಿಟ್ಟು ಬಂತು', 'ಹಸಿವಾಯಿತು', 'ಗೊತ್ತಿತ್ತು' ಅಂದರೆ ಮನಸ್ಸಿನ ವಿಷಯವೆಲ್ಲ ಮುಗಿಯಿತು. ಅವನ, ಅವಳ ಬದಲು 'ತನ್ನ'. ಆದರೆ 'ಶಮಿತಾಳನ್ನು ತನ್ನ ಸ್ಕೂಟರಿನಲ್ಲಿ' ಅಂತ ಒಂದೇ ಡಬ್ಬಿಯಲ್ಲಿ ಇಬ್ಬರು ಬಂದರೆ ಸ್ಕೂಟರು ಯಾರದ್ದು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ, ಅಲ್ಲಿ ಹೆಸರೇ ಹಾಕಬೇಕು. 'ಕಿರಣ್ ಬಂದದ್ದು ಏಳಕ್ಕೆ' ಥರದ ವಾಕ್ಯ ಪುಟಕ್ಕೆ ಒಂದು ಸಾಕು. ಹೆಚ್ಚಾದರೆ ಎಲ್ಲವನ್ನೂ ಒತ್ತಿ ಒತ್ತಿ ಹೇಳಿದ ಹಾಗಾಗಿ ಓದು ದಣಿಯುತ್ತದೆ.

ಪುತ್ತೂರು_ಪೋಡಿ
ಇಷ್ಟೆಲ್ಲ ಸರ್ಕಸ್ ಯಾಕೆ? ಹವ್ಯಕರ ಮನೆಯಲ್ಲಿ 'ಕೂಸು ಬಂತು', 'ಅದು ಹೇಳಿತ್ತು' ಅಂತ ಪ್ರೀತಿಯಿಂದಲೇ ಹೇಳುತ್ತಾರೆ. 'ಅದು' ಹಾಕಿ ಬಿಡಿ.

ರಥಬೀದಿ_ಸಂಜೆ
ಹವ್ಯಕ ಭಾಷೆಯಲ್ಲಿ 'ಅದು' ಹೆಣ್ಣಿಗೆ, ಗಂಡಿಗೆ ಬೇರೆ ಉಂಟು. ಹಾಗಾಗಿ ಆ ಮನೆಗಳಲ್ಲಿ 'ಅದು' ಅಂದರೆ ಕಿರಣ್ ಹೆಣ್ಣು ಅಂತಲೇ ಆಗುತ್ತದೆ. ಆ ಮನೆಗಳ ಹೊರಗೆ ಇಂಥವರನ್ನು 'ಅದು' ಅನ್ನುವುದು ಹೀಯಾಳಿಸಲಿಕ್ಕೆ. 11ನೇ ಕಂತಿನಲ್ಲಿ ಧಕ್ಕೆಯ ದಲ್ಲಾಳಿ ಅನ್ನುವುದೂ ಅದನ್ನೇ, ಮರೆತಿರಾ? ಅವನ ಬಾಯಲ್ಲಿ ಇಟ್ಟ ಮಾತನ್ನು ಶಮಿತಾಳ ಬಾಯಿಗೂ ಕೊಡಲಿಕ್ಕಾಗುತ್ತದಾ?

ಇನ್ನೊಂದು. ಪಾತ್ರಪರಿಚಯದ ಪಟ್ಟಿಯಲ್ಲಿ ಯಾರೋ ಕಿರಣ್ ಹೆಸರಿನ ಎದುರು 'ಮಂಗಳಮುಖಿ' ಅಂತ ಬರೆದಿದ್ದಾರೆ, ದಯವಿಟ್ಟು ತೆಗೆಯಿರಿ. ಅದು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಸಮುದಾಯಕ್ಕೆ ಇರುವ ಹೆಸರು. 'ಲಿಂಗತ್ವ ಅಲ್ಪಸಂಖ್ಯಾತರು' ಅನ್ನುವುದು ಎಲ್ಲರನ್ನೂ ಸೇರಿಸುತ್ತದೆ, ಪಟ್ಟಿಗೆ ಸಾಕು. ಸಂಭಾಷಣೆಗೆ ಮಾತ್ರ ತರಬೇಡಿ, ಅಡುಗೆಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಪುತ್ತೂರು_ಪೋಡಿ
ದಲ್ಲಾಳಿ ವಿಷಯ ಸರಿ. ಆದರೆ ಇಬ್ಬರೇ ಎದುರೆದುರು ಮಾತಾಡುವಾಗ ಈ ತಾಪತ್ರಯವೇ ಇಲ್ಲವಲ್ಲ? 'ನೀನು ಬಂದೆ' ಅಂದರೆ ಇಬ್ಬರಿಗೂ ಒಂದೇ.

ಕಡಲತಡಿ_ಓದುಗ
ಕ್ರಿಯಾಪದಕ್ಕೆ ಇಲ್ಲ, ಕರೆಯುವುದಕ್ಕೆ ಉಂಟು. ಬೆಂಗಳೂರಿನವರಿಗೆ ಬಾರೋ, ಬಾರೇ. ನಮಗೆ ಮಾರಾಯ, ಮಾರಾಯ್ತಿ. 'ಮಾರಾಯ್ರೆ' ಎರಡಕ್ಕೂ ಸಲ್ಲುತ್ತದೆ, ಆದರೆ ಅದನ್ನು ಬಸ್ಸಿನ ಕಂಡಕ್ಟರೂ ಅನ್ನುತ್ತಾನೆ. 9ರ ತನಕ ಶಮಿತಾ ಮಾತೆತ್ತಿದರೆ 'ಮಾರಾಯ' ಅನ್ನುತ್ತಿದ್ದಳು. 10ರಿಂದ ಒಂದು ಸಲವೂ ಇಲ್ಲ, ಹೆಸರೇ ಹಿಡಿಯುತ್ತಾಳೆ. ನಾನು ದೂರವಾದ ಹಾಗೆ ಅನಿಸಿತು ಅಂದದ್ದು ಇದನ್ನೂ ಸೇರಿಸಿಯೇ.

ಬಲೂನ್_ಬರಹ
ಅಕ್ಷರ ಕೂರಿಸುವವರ ಕಡೆಯಿಂದ ಒಂದು ಮಾತು. 9ರ ತನಕ 'ಕಿರಣನಿಗೆ', 'ಕಿರಣನ' ಅಂತ ಇತ್ತು. ಆ 'ನ'ಕಾರವೇ ಗಂಡು. 10ರಿಂದ 'ಕಿರಣ್‌ಗೆ', 'ಕಿರಣ್‌ನ'. ಹೆಸರನ್ನು ಅರ್ಧಾಕ್ಷರಕ್ಕೆ ನಿಲ್ಲಿಸಿದರೆ ವಿಭಕ್ತಿ ಲಿಂಗವಿಲ್ಲದೆ ಅಂಟಿಕೊಳ್ಳುತ್ತದೆ, ಚಂದದ ಉಪಾಯ. ಆದರೆ 12ರಲ್ಲಿ ಎರಡು ಕಡೆ ಗಕಾರ ಣಕಾರದ ಕೆಳಗೆ ಒತ್ತಾಗಿ ಕೂತು ಹೆಸರು ಓದಲಿಕ್ಕೇ ಆಗುವುದಿಲ್ಲ. ನಡುವೆ ಝೀರೋ ವಿಡ್ತ್ ನಾನ್-ಜಾಯ್ನರ್ (ಎರಡು ಅಕ್ಷರ ಕೂಡಿ ಒತ್ತಾಗದಂತೆ ತಡೆಯುವ ಚಿಹ್ನೆ) ಹಾಕಬೇಕು, ಯುನಿಕೋಡ್ ಸಂಖ್ಯೆ 200ಸಿ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವಾಗ ಅದು ಉದುರುವುದುಂಟು, ಕಣ್ಣಿಗೂ ಕಾಣುವುದಿಲ್ಲ. ಫೋಟೋಶಾಪ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ, ಅದು ಬೇರೆ ಕಥೆ.

ಜಾಗದ ಲೆಕ್ಕವನ್ನೂ ನೋಡಿ. ಪುಟದ ಅಗಲ 800 ಪಿಕ್ಸೆಲ್. ಮಳೆಯವರು ಹೇಳಿದ 'ಕಿರಣ್ ಬಂದದ್ದು ಏಳಕ್ಕೆ' ಕಿರಿದಾದ ಬಲೂನಿನಲ್ಲಿ ಮೂರು ಸಾಲು ತಿನ್ನುತ್ತದೆ, 'ಅವರು ಬಂದ್ರು' ಎರಡೇ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು ಅಂದರೆ ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆಯಷ್ಟು ಬೇಕು. ಒಟ್ಟಿಗೆ ಸೇರಿಸಿದರೆ ಬಂಗುಡೆಯ ಮೇಲೆ ಬಲೂನು ಬೀಳುತ್ತಿತ್ತು. (ಈ ಕಂತಿನ ಫಾಂಟು ಬಲೂ ತಮ್ಮ. ಕಿರಣ್ ಮಾತಿಗೂ ತಮ್ಮನೇ!)

ಮಣಿಪಾಲದ_ಮಳೆ
ಜಾಗವಿಲ್ಲ ಅಂತ ಸಂಬಂಧ ಬದಲಾಯಿಸಲಿಕ್ಕೆ ಆಗುವುದಿಲ್ಲ. 'ಕಿರಣ್ ಬಂದಾಯ್ತು' ಅನ್ನಬಹುದಿತ್ತು. ಎರಡೇ ಪದ, ಲಿಂಗವಿಲ್ಲ, ದೂರವೂ ಇಲ್ಲ, ಕಾಯುತ್ತಿದ್ದದ್ದೂ ಗೊತ್ತಾಗುತ್ತದೆ.

ರಥಬೀದಿ_ಸಂಜೆ
ಹಾಗೆ ಹೇಳಿದ್ದರೆ ಅಮ್ಮನ ಕತ್ತಿ ನಿಲ್ಲುತ್ತಿರಲಿಲ್ಲ. ನಿರೂಪಣೆಯಲ್ಲಿ ನೀವು ಹೇಳಿದ ಹಾಗೆಯೇ ಬರೆಯಲಿ, ತಕರಾರಿಲ್ಲ. ಶಮಿತಾಳ 'ಅವರು' ಅವಳದ್ದೇ ಆಯ್ಕೆ, ಅದನ್ನು ಮುಟ್ಟಬೇಡಿ.

ಕಡಲತಡಿ_ಓದುಗ
ನನಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. 15ರಲ್ಲಿ ಅಮ್ಮ ತುಳುವಿನಲ್ಲಿ ಕಿರಣ್ ಹತ್ತಿರ ನೇರ ಮಾತಾಡಲೇಬೇಕು. 'ಈ' (ನೀನು) ಅಂದರೆ ಮನೆಯ ಮಗು, 'ಈರ್' (ನೀವು) ಅಂದರೆ ನೆಂಟರು ಅಥವಾ ಅಳಿಯ. ಅದನ್ನು ನೋಡಿ ಹೇಳುತ್ತೇನೆ.