ಬಾಣಂತಿ 40 ದಿನ ಚರ್ಚಿಗೆ ಬರಬಾರದೆಂಬ ನಿಯಮ ಆದಿ ಕ್ರೈಸ್ತರದ್ದೇ?

ವಿರಾಜಪೇಟೆ_ಓದುಗ

ಜುಲೈ 26ರ ಸಂತ ಅನ್ನಮ್ಮನವರ ಹಬ್ಬಕ್ಕೆ ವಿರಾಜಪೇಟೆಯಲ್ಲಿ ಹಂಚಲು ಎಂಟು ಪುಟದ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ವಿಷಯ, ಮೊದಲ ಐದಾರು ಶತಮಾನಗಳ ಕ್ರೈಸ್ತರಲ್ಲಿ ತಾಯ್ತನ. ಕರಡಿನ ಮೂರು ವಾಕ್ಯಗಳ ಬಗ್ಗೆ ಅನುಮಾನ ಇದೆ:

1. ಆದಿಸಭೆಯಲ್ಲಿ ಹೆತ್ತವಳು 40 ದಿನ ದೇವಾಲಯಕ್ಕೆ ಬರುವಂತಿರಲಿಲ್ಲ.
2. ಮಕ್ಕಳನ್ನು ಹೆರುವುದರಿಂದಲೇ ಹೆಣ್ಣಿಗೆ ರಕ್ಷಣೆ ಎಂದು ಪೌಲ ಬೋಧಿಸಿದ.
3. ರಕ್ತಸಾಕ್ಷಿ ಪೆರ್ಪೆತುವಾ ವಿಶ್ವಾಸಕ್ಕಾಗಿ ತನ್ನ ಕೂಸನ್ನು ತೊರೆದಳು.

ಓದುವವರಲ್ಲಿ ಕೊಡವರು, ಗೌಡರು, ಬೇರೆಯವರೂ ಇರುತ್ತಾರೆ. ಪುರುಡು, ಸೂತಕ ಯಾರಿಗೂ ಹೊಸದಲ್ಲ. ಹಾಗಾಗಿ ಮೊದಲ ವಾಕ್ಯವನ್ನು ಎಲ್ಲರೂ ‘ಓಹೋ, ಅವರಲ್ಲೂ ಇತ್ತಾ’ ಅಂತ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದೇ ನನ್ನ ಚಿಂತೆ. ಅಚ್ಚಿಗೆ ಹೋಗುವ ಮುಂಚೆ ತಿಳಿದವರು ನೋಡಿ ಹೇಳಿ.

ಹಳೇ_ಗ್ರಂಥ

ಮೊದಲ ವಾಕ್ಯ ಈಗಿರುವ ಹಾಗೆ ನಿಲ್ಲುವುದಿಲ್ಲ. ‘ಆದಿಸಭೆಯಲ್ಲಿ’ ಅನ್ನುವ ಪದವೇ ತೊಂದರೆ. ಯಾವ ಊರು, ಯಾವ ಶತಮಾನ?

40ರ ಲೆಕ್ಕ ಬರುವುದು ಬೈಬಲಿನ ಯಾಜಕಕಾಂಡ 12ರಿಂದ. ಗಂಡು ಹುಟ್ಟಿದರೆ 7 ದಿನ ಅಶುದ್ಧಿ, ಆಮೇಲೆ 33 ದಿನ, ಒಟ್ಟು 40. ಹೆಣ್ಣಾದರೆ 14 ಮತ್ತು 66, ಅಂದರೆ 80. ಕೊನೆಗೆ ಒಂದು ಕುರಿಮರಿ ಮತ್ತು ಒಂದು ಹಕ್ಕಿ. ಕುರಿ ಕೊಡಲಾಗದ ಬಡವರಿಗೆ ಎರಡು ಹಕ್ಕಿ ಸಾಕು. ಲೂಕ 2ರಲ್ಲಿ ಮರಿಯಮ್ಮನವರ ಸಂದರ್ಭದಲ್ಲಿ ಬರುವುದು ಈ ಬಡವರ ಕಾಣಿಕೆಯೇ. ಅದು ಯೆಹೂದ್ಯ ನಿಯಮ, ನಡೆದದ್ದು ಜೆರುಸಲೇಮಿನ ದೇವಾಲಯದಲ್ಲಿ. ಇದನ್ನೇ ಹಿಡಿದು ಕ್ರೈಸ್ತ ಸಭೆಯಲ್ಲೂ ಹಾಗೇ ಇತ್ತು ಅನ್ನಲಾಗದು.

ಕ್ರೈಸ್ತರ ಕಡೆ ಸ್ಪಷ್ಟ ಲೆಕ್ಕ ಸಿಗುವುದು ‘ಹಿಪ್ಪೊಲಿಟಸನ ಕಟ್ಟಳೆಗಳು’ ಎಂಬ ಸಂಗ್ರಹದಲ್ಲಿ. ಹೆತ್ತವಳು ಗಂಡಿಗೆ 40 ದಿನ, ಹೆಣ್ಣಿಗೆ 80 ದಿನ ಪವಿತ್ರಸ್ಥಳದ ಹೊರಗೆ. ಚರ್ಚಿಗೆ ಬಂದರೂ ಇನ್ನೂ ದೀಕ್ಷಾಸ್ನಾನ ಆಗದವರ ಜೊತೆ ನಿಂತು ಪ್ರಾರ್ಥಿಸಬೇಕು. ಗಮನಿಸಿ, ‘ಬರಲೇಬಾರದು’ ಅಂತ ಇಲ್ಲ. ಸೂಲಗಿತ್ತಿಗೂ ಮೈಲಿಗೆ ಉಂಟು: ಗಂಡು ಕೂಸನ್ನು ಎತ್ತಿದರೆ 20 ದಿನ, ಹೆಣ್ಣಾದರೆ 40 ದಿನ ಪರಮಪ್ರಸಾದವಿಲ್ಲ. ಹೀಗಾದರೆ ಸೂಲಗಿತ್ತಿ ಜೀವನಪೂರ್ತಿ ಹೊರಗೇ ಉಳಿಯಬೇಕಾದೀತು, ಅದಕ್ಕೇ ಸೂಲಗಿತ್ತಿಯರು ಹೆಚ್ಚು ಜನ ಇರಲಿ ಅಂತ ಅದೇ ಕಟ್ಟಳೆ ಹೇಳುತ್ತದೆ! ನಿಯಮ ಬರೆದವನಿಗೇ ಅದರ ಭಾರ ಗೊತ್ತಿತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. ಹೆಸರು ನೋಡಿ ಇದನ್ನು 3ನೇ ಶತಮಾನದ ರೋಮಿನ ಹಿಪ್ಪೊಲಿಟಸನಿಗೆ ಕಟ್ಟುತ್ತಾರೆ. ಸಂಗ್ರಹ ಹುಟ್ಟಿದ್ದು ಈಜಿಪ್ಟಿನಲ್ಲಿ, 4ನೇ ಶತಮಾನದಲ್ಲಿ. ಗ್ರೀಕ್ ಮೂಲ ಕಳೆದುಹೋಗಿದೆ, ನಮಗೆ ಸಿಕ್ಕಿರುವುದು ಅರಬ್ಬಿ ಅನುವಾದ ಮಾತ್ರ.

ಇದಕ್ಕೆ ಎದುರು ನಿಲ್ಲುವ ದನಿಯೂ ಇದೆ. 601ರಲ್ಲಿ ಪೋಪ್ ಗ್ರೆಗರಿ ತಾನು ಇಂಗ್ಲೆಂಡಿಗೆ ಕಳಿಸಿದ್ದ ಧರ್ಮಪ್ರಚಾರಕ ಅಗಸ್ಟಿನನಿಗೆ ಬರೆದದ್ದೆಂದು ಆಂಗ್ಲ ಸನ್ಯಾಸಿ ಬೀಡನ ಇತಿಹಾಸದಲ್ಲಿ ಉಳಿದಿರುವ ಉತ್ತರ ನೋಡಿ: ಹೆತ್ತ ಗಳಿಗೆಯಲ್ಲೇ ಕೃತಜ್ಞತೆ ಹೇಳಲು ಚರ್ಚಿಗೆ ಬಂದರೂ ಅವಳ ಮೇಲೆ ಪಾಪವಿಲ್ಲ.

ಮೂರನೇ_ಮಣೆ

ಮೇಲಿನದಕ್ಕೆ ಒಂದು ಸೇರ್ಪಡೆ. ಮುಟ್ಟಿನ ನಿಯಮವನ್ನೂ ಹೆರಿಗೆಯ ನಿಯಮವನ್ನೂ ಕಲಸಬೇಡಿ. ಎರಡಕ್ಕೂ ಆಧಾರ ಪಠ್ಯಗಳು ಬೇರೆ.

ಆದರೆ ಮುಟ್ಟಿನ ವಾದವನ್ನು ಒಮ್ಮೆ ಓದಬೇಕು, ಯಾಕೆಂದರೆ ಮೂವರು ಒಬ್ಬಳೇ ಹೆಂಗಸನ್ನು ಸಾಕ್ಷಿಗೆ ಕರೆಯುತ್ತಾರೆ: ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ ಯೇಸುವಿನ ಬಟ್ಟೆಯಂಚು ಮುಟ್ಟಿದವಳು. 3ನೇ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಡಯೊನಿಸಿಯಸ್, ‘ಅವಳು ಮುಟ್ಟಿದ್ದು ಅಂಚನ್ನು ಮಾತ್ರ, ಹಾಗಾಗಿ ಮುಟ್ಟಾದವರು ಪ್ರಸಾದಕ್ಕೆ ಬರಬಾರದು’ ಅನ್ನುತ್ತಾನೆ. ಅದೇ ಶತಮಾನದ ಸಿರಿಯಾದ ‘ದಿದಸ್ಕಾಲಿಯ’ ಎಂಬ ಸಭಾನಿಯಮಗಳ ಗ್ರಂಥ ಅದೇ ಹೆಂಗಸನ್ನು ತೋರಿಸಿ, ದೂರ ಉಳಿಯುವ ಹೆಂಗಸರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ: ಏಳು ದಿನ ಪವಿತ್ರಾತ್ಮ ನಿಮ್ಮನ್ನು ಬಿಟ್ಟುಹೋಗುತ್ತದೆ ಅಂದುಕೊಂಡಿರಾ? ಗ್ರೆಗರಿಯೂ ಅವಳ ಹೆಸರಿನಲ್ಲೇ ಬಾಗಿಲು ತೆರೆಯುತ್ತಾನೆ. ಪ್ರಸಾದ ಸ್ವೀಕರಿಸುವುದು, ಬಿಡುವುದು ಆಕೆಯ ಭಕ್ತಿಗೆ ಬಿಟ್ಟದ್ದು ಅನ್ನುತ್ತಾನೆ.

ಕೈಪಿಡಿಯಲ್ಲಿ ಜಾಗವಿದ್ದರೆ ಈ ಮೂರನ್ನು ಅಕ್ಕಪಕ್ಕ ಹಾಕಿ. ವಿವರಣೆಯೇ ಬೇಕಾಗದು.

ಕಾಳುಮೆಣಸು_68

ಎರಡನೇ ವಾಕ್ಯಕ್ಕೆ ಬರುತ್ತೇನೆ. ಅದು ಬೈಬಲಿನ 1 ತಿಮೊಥೆಯ ಪತ್ರದ 2:15. ಮೂರು ತೊಡಕುಗಳಿವೆ.

ಒಂದು, ‘ಪೌಲ’ ಅಂತ ಸೀದಾ ಬರೆಯಬೇಡಿ. ಪತ್ರದ ಮೇಲೆ ಅವನ ಹೆಸರಿದೆ, ನಿಜ. ಆದರೆ ಇವತ್ತಿನ ಬಹುಪಾಲು ವಿದ್ವಾಂಸರು ಇದನ್ನು ಅವನ ನಂತರದ ತಲೆಮಾರಿನದು ಅನ್ನುತ್ತಾರೆ. ಅವನದೇ ಎಂದು ಎಲ್ಲರೂ ಒಪ್ಪುವ 1 ಕೊರಿಂಥ 7ರಲ್ಲಿ ಧ್ವನಿಯೇ ಬೇರೆ: ಮದುವೆಯಾಗದವರೂ ವಿಧವೆಯರೂ ತನ್ನಂತೆ ಒಂಟಿಯಾಗಿದ್ದರೆ ಒಳ್ಳೆಯದು ಅನ್ನುತ್ತಾನೆ. ಹೆರಿಗೆಯ ಮಾತೇ ಇಲ್ಲ.

ಎರಡು, ಗ್ರೀಕ್ ವಾಕ್ಯ ಏಕವಚನದಲ್ಲಿ ಶುರುವಾಗಿ ಬಹುವಚನಕ್ಕೆ ಜಾರುತ್ತದೆ. ‘ಅವಳು ರಕ್ಷಣೆ ಹೊಂದುವಳು… ಅವರು ವಿಶ್ವಾಸದಲ್ಲಿ ನೆಲೆಸಿದರೆ’. ಈ ‘ಅವರು’ ಹೆಂಗಸರೋ ಮಕ್ಕಳೋ ಅನ್ನುವ ಜಗಳ ಹಳೆಯದು. ‘ಹೆರಿಗೆ’ ಪದದ ಹಿಂದೆ ನಿರ್ದೇಶಕ ಪದವೂ ಇರುವುದರಿಂದ ಕೆಲವರು ‘ಆ ಹೆರಿಗೆ’, ಅಂದರೆ ಯೇಸುವಿನ ಜನನ, ಅಂತಲೂ ಓದುತ್ತಾರೆ. ನನಗೆ ಅದು ಎಳೆದು ತಂದ ಅರ್ಥ ಅನಿಸುತ್ತದೆ. ಅದೇ ಪತ್ರದ 5:14ರಲ್ಲಿ ಅದೇ ಧಾತುವಿನ ಕ್ರಿಯಾಪದ ಸಾಮಾನ್ಯ ಹೆರಿಗೆಗೇ ಬಳಕೆಯಾಗಿದೆ: ಎಳೆಯ ವಿಧವೆಯರು ಮತ್ತೆ ಮದುವೆಯಾಗಲಿ, ಮಕ್ಕಳನ್ನು ಹೆರಲಿ, ಮನೆ ನಡೆಸಲಿ.

ಮೂರು, ಪತ್ರ ಯಾರ ವಿರುದ್ಧ ಮಾತಾಡುತ್ತಿದೆ ನೋಡಿ. 4:3ರಲ್ಲಿ ಮದುವೆಯೇ ಬೇಡ ಅನ್ನುವ ಬೋಧಕರ ಪ್ರಸ್ತಾಪವಿದೆ. ಅವರಿಗೆ ಎದುರಾಗಿ ಮನೆ, ಮಕ್ಕಳು ಅನ್ನುವುದನ್ನು ಎತ್ತಿಹಿಡಿಯಲಾಗಿದೆ. ಸಭೆಯ ವಿಧವೆಯರ ಪಟ್ಟಿಗೆ ಹೆಸರು ಸೇರಬೇಕಾದರೆ 60 ವರ್ಷ ತುಂಬಿರಬೇಕು, ಒಬ್ಬನನ್ನೇ ಮದುವೆಯಾಗಿರಬೇಕು, ಮಕ್ಕಳನ್ನು ಸಾಕಿರಬೇಕು (5:9-10). ಇಲ್ಲಿ ತಾಯ್ತನ ಒಂದು ಅರ್ಹತೆ.

ಸುತ್ತಲಿನ ರೋಮನ್ ಕಾನೂನನ್ನೂ ಒಂದು ಸಾಲು ಹಾಕಿ. ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 18 ಮತ್ತು ಕ್ರಿ.ಶ. 9ರಲ್ಲಿ ತಂದ ಕಾನೂನುಗಳ ಪ್ರಕಾರ ಮೂರು ಮಕ್ಕಳ ತಾಯಿಗೆ ಪುರುಷ ಪಾಲಕನ ಹಂಗಿನಿಂದ ಬಿಡುಗಡೆ. ದಾಸ್ಯದಿಂದ ಬಿಡುಗಡೆಯಾದವಳಿಗೆ ನಾಲ್ಕು ಮಕ್ಕಳು ಬೇಕಿತ್ತು. ಮದುವೆಯಾಗದೆ ಉಳಿದವರಿಗೆ ಉಯಿಲಿನ ಆಸ್ತಿಗೆ ಕತ್ತರಿ. ಕೊಡವರಲ್ಲಿ ಹತ್ತು ಮಕ್ಕಳ ತಾಯಿಗೆ ಮಾಡುತ್ತಿದ್ದ ಪೈತಾಂಡೆಕ್ ಅಳಪ ಗೊತ್ತಿರುವವರಿಗೆ ಹೆತ್ತವಳಿಗೆ ಮಾನ ಕೊಡುವುದು ತಟ್ಟನೆ ಅರ್ಥವಾಗುತ್ತದೆ. ಆದರೆ ರೋಮಿನದು ಮಂಗಲಕಾರ್ಯವಲ್ಲ, ಲಾಭ-ದಂಡದ ಲೆಕ್ಕ. ಕನ್ಯಾವ್ರತ ಹಿಡಿದ ಕ್ರೈಸ್ತ ಹೆಣ್ಣು ಆ ಲೆಕ್ಕಕ್ಕೆ ಬೆನ್ನು ತಿರುಗಿಸಿದವಳು. ಒಂಟಿಯಾಗಿರುವವರ ಮೇಲಿನ ಆ ದಂಡವನ್ನು 320ರಲ್ಲಿ ತೆಗೆದವನು ಕಾನ್‌ಸ್ಟಂಟೈನ್.

ಹಳೇ_ಗ್ರಂಥ

ಮೂರನೇ ವಾಕ್ಯ ನನಗೆ ಬಿಡಿ. ‘ತೊರೆದಳು’ ಅನ್ನುವ ಕ್ರಿಯಾಪದ ತಪ್ಪು.

ಉತ್ತರ ಆಫ್ರಿಕದ ಕಾರ್ತೇಜ್, 203. ಪೆರ್ಪೆತುವಾಗೆ ಸುಮಾರು 22 ವರ್ಷ, ಮೊಲೆಹಾಲು ಕುಡಿಯುವ ಗಂಡು ಕೂಸು. ಸೆರೆಮನೆಯ ದಿನಗಳನ್ನು ಅವಳೇ ಬರೆದಿದ್ದಾಳೆಂದು ಪಠ್ಯ ಹೇಳುತ್ತದೆ. ಕ್ರಮವಾಗಿ ನೋಡಿ. ಮೊದಲು ಕೂಸು ಜೊತೆಯಲ್ಲಿಲ್ಲ. ತೆರ್ತಿಯಸ್, ಪೊಂಪೋನಿಯಸ್ ಎಂಬ ಇಬ್ಬರು ಸಭಾಸೇವಕರು ಲಂಚ ಕೊಟ್ಟು ಕೆಲವು ಗಂಟೆ ಸೆರೆಮನೆಯ ಒಳ್ಳೆಯ ಭಾಗಕ್ಕೆ ಬಿಡಿಸುತ್ತಾರೆ. ಅಲ್ಲಿ ಹಸಿವಿನಿಂದ ಸೊರಗಿದ್ದ ಕೂಸಿಗೆ ಹಾಲೂಡಿಸುತ್ತಾಳೆ. ಆಮೇಲೆ ಕೂಸನ್ನು ಜೊತೆಗಿಟ್ಟುಕೊಳ್ಳಲು ಅನುಮತಿ ಸಿಗುತ್ತದೆ, ಸೆರೆಮನೆ ಅವಳಿಗೆ ಅರಮನೆ ಆಗುತ್ತದೆ. ವಿಚಾರಣೆಯಲ್ಲಿ ಅಪ್ಪ ಕೂಸನ್ನು ಎತ್ತಿಕೊಂಡು ಬಂದು ಬೇಡುತ್ತಾನೆ. ಅಧಿಕಾರಿ ಹಿಲರಿಯಾನಸನೂ ಕೂಸಿನ ಮುಖ ನೋಡು ಅನ್ನುತ್ತಾನೆ. ಚಕ್ರವರ್ತಿಗಳ ಕ್ಷೇಮಕ್ಕೆ ಬಲಿ ಅರ್ಪಿಸಲು ಅವಳು ಒಪ್ಪುವುದಿಲ್ಲ, ಶಿಕ್ಷೆಯಾಗುತ್ತದೆ. ಸೆರೆಗೆ ಮರಳಿದ ಕೂಡಲೇ ಕೂಸನ್ನು ತರಲು ಪೊಂಪೋನಿಯಸನನ್ನು ಕಳಿಸುತ್ತಾಳೆ. ಕೊಡಲು ನಿರಾಕರಿಸಿದವನು ಅಪ್ಪ.

ಆಮೇಲಿನ ಸಾಲು ಬಾಣಂತನ ಬಲ್ಲವರಿಗೇ ಪೂರ್ತಿ ತಿಳಿಯುವಂಥದ್ದು: ದೇವರ ಇಚ್ಛೆಯಂತೆ ಕೂಸು ಮತ್ತೆ ಮೊಲೆ ಬೇಡಲಿಲ್ಲ, ತನ್ನ ಎದೆಯೂ ಬಾತುಕೊಂಡು ಉರಿಯಲಿಲ್ಲ. ತಟ್ಟನೆ ಹಾಲು ಬಿಡಿಸಿದರೆ ಎದೆ ಕಲ್ಲಾಗಿ ಜ್ವರ ಬರುವುದು ಎಲ್ಲರಿಗೂ ಗೊತ್ತು. ಅವಳಿಗೆ ಆ ಪವಾಡವೂ ಬರೆದಿಡಬೇಕಾದ ಸಂಗತಿ.

ಬಲಿ ಅರ್ಪಿಸಿದ್ದರೆ ಕೂಸಿನ ಜೊತೆ ಮನೆಗೆ ಹೋಗಬಹುದಿತ್ತು. ಆ ಮಟ್ಟಿಗೆ ನಿಮ್ಮ ವಾಕ್ಯ ಪೂರ್ತಿ ಸುಳ್ಳಲ್ಲ.

ಜೊತೆಗಿದ್ದ ದಾಸಿ ಫೆಲಿಸಿತಾಳನ್ನು ಬಿಡಬೇಡಿ. ಎಂಟು ತಿಂಗಳ ಗರ್ಭಿಣಿ. ಬಸುರಿಗೆ ಮರಣದಂಡನೆ ಮಾಡುವಂತಿಲ್ಲ, ಹಾಗಾಗಿ ಜೊತೆಯವರಿಂದ ಅವಳೊಬ್ಬಳೇ ಹಿಂದುಳಿಯುವ ಭಯ. ಎಲ್ಲರೂ ಪ್ರಾರ್ಥಿಸಿದ ಮೇಲೆ ಸೆರೆಯಲ್ಲೇ ಹೆಣ್ಣು ಮಗು ಹುಟ್ಟಿತು. ಅದನ್ನು ಸಾಕಿದವಳು ಸಭೆಯ ಒಬ್ಬ ಸಹೋದರಿ. ಅಖಾಡದಲ್ಲಿ ಇಬ್ಬರನ್ನೂ ಬಟ್ಟೆ ಕಳಚಿ ಬಲೆ ಸುತ್ತಿ ನಿಲ್ಲಿಸಿದಾಗ ಫೆಲಿಸಿತಾಳ ಎದೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ನೋಡಲು ಬಂದ ಜನವೇ ನಡುಗಿತು. ವಾಪಸು ಕರೆಸಿ ಬಟ್ಟೆ ತೊಡಿಸಿ ಮತ್ತೆ ಬಿಟ್ಟರು.

ವಿರಾಜಪೇಟೆ_ಓದುಗ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಒಂದು ಮರುಪ್ರಶ್ನೆ: ವ್ರತಕ್ಕಾಗಿ ತಾಯಿ ಮಕ್ಕಳನ್ನು ಬಿಟ್ಟು ಹೋಗುವುದನ್ನು ಸಭೆ ಒಪ್ಪಿತ್ತೋ ಇಲ್ಲವೋ?

ಮೂರನೇ_ಮಣೆ

ಎರಡೂ. 4ನೇ ಶತಮಾನದ ಮಧ್ಯದ ಆಸುಪಾಸಿನಲ್ಲಿ ಈಗಿನ ಟರ್ಕಿಯ ಗಂಗ್ರಾದಲ್ಲಿ ಸೇರಿದ ಸಭಾಸಮ್ಮೇಳನದ 15ನೇ ಕಟ್ಟಳೆ, ತಪಸ್ಸಿನ ನೆಪದಲ್ಲಿ ಮಕ್ಕಳನ್ನು ಸಾಕದೆ ಬಿಡುವವರಿಗೆ ಬಹಿಷ್ಕಾರ ಹಾಕುತ್ತದೆ. 385ರಲ್ಲಿ ರೋಮಿನ ಶ್ರೀಮಂತ ವಿಧವೆ ಪೌಲಾ ಹಡಗು ಹತ್ತಿ ಪೂರ್ವಕ್ಕೆ ಹೊರಟಳು. ಚಿಕ್ಕ ಮಗ ತೊಕ್ಸೋತಿಯಸ್ ದಡದಲ್ಲಿ ಕೈಚಾಚಿ ನಿಂತ, ಮದುವೆ ವಯಸ್ಸಿನ ಮಗಳು ರುಫೀನಾ ಮಾತಿಲ್ಲದೆ ಅತ್ತಳು. 404ರಲ್ಲಿ ಅವಳು ತೀರಿಕೊಂಡ ಮೇಲೆ ಬೈಬಲ್ ಅನುವಾದಕ ಸಂತ ಜೆರೋಮ್ ಇದನ್ನೇ ಹೊಗಳಿ ಬರೆದ. ಹೊಗಳಿಕೆಯ ನಡುವೆಯೂ ಮಕ್ಕಳ ಅಳು ಅಳಿಸದೆ ಬಿಟ್ಟಿದ್ದಾನೆ ಅನ್ನುವುದು ಅವನ ಪರವಾಗಿ ಹೇಳಬಹುದಾದ ಮಾತು. ಎರಡನ್ನೂ ಕೊಡಿ, ಒಂದನ್ನೇ ಕೊಟ್ಟರೆ ಓದುಗರಿಗೆ ಮೋಸ.

ಹಬ್ಬ ಅನ್ನಮ್ಮನವರದಾದ್ದರಿಂದ ಇನ್ನೊಂದು: ಅವರ ಕಥೆಗೆ ‘ಬೈಬಲಿನಲ್ಲಿ ಹೇಳಿರುವಂತೆ’ ಅಂತ ಬರೆದುಬಿಟ್ಟೀರಿ. ಬೈಬಲಿನಲ್ಲಿ ಆ ಹೆಸರೇ ಇಲ್ಲ. ಬರುವುದು 2ನೇ ಶತಮಾನದ ‘ಯಾಕೋಬನ ಪೂರ್ವಸುವಾರ್ತೆ’ಯಲ್ಲಿ. ಮಕ್ಕಳಿಲ್ಲದವನೆಂದು ಗಂಡ ಯೊವಾಕಿಮನ ಕಾಣಿಕೆಗೆ ಅಡ್ಡಿ, ಗಿಡದಲ್ಲಿ ಗುಬ್ಬಿಗೂಡು ಕಂಡು ಅನ್ನಮ್ಮನವರ ಅಳಲು, ಎಲ್ಲ ಅಲ್ಲಿಂದಲೇ. ನಿಮ್ಮ ಮೊದಲ ವಾಕ್ಯಕ್ಕೆ ಬೇಕಾದ ಸೂಕ್ಷ್ಮವೂ ಅಲ್ಲೇ ಇದೆ: ಹೆತ್ತ ದಿನಗಳು ತುಂಬಿ ಶುದ್ಧಳಾದ ಮೇಲೆ ಅನ್ನಮ್ಮ ಮಗು ಮರಿಯಳಿಗೆ ಮೊಲೆ ಕೊಟ್ಟಳು. ಮೊದಲ ಹಾಲು ಕೂಸಿಗೆ ಒಗ್ಗದು ಅಂತ ಅದೇ ಶತಮಾನದ ವೈದ್ಯ ಸೊರಾನಸನೂ ಹೇಳುತ್ತಾನೆ. ಹಾಗಾಗಿ ಈ ವಾಕ್ಯದಲ್ಲಿ ಮಡಿ ಎಷ್ಟು, ವೈದ್ಯ ಎಷ್ಟು ಅಂತ ಬಿಡಿಸುವುದು ಕಷ್ಟ.

ವಿರಾಜಪೇಟೆ_ಓದುಗ

ತಿದ್ದಿದ ಮೊದಲ ವಾಕ್ಯ: ‘ಈಜಿಪ್ಟಿನ ಒಂದು ಕಟ್ಟಳೆ ಹೆತ್ತವಳನ್ನು 40 ಅಥವಾ 80 ದಿನ ಪವಿತ್ರಸ್ಥಳದ ಹೊರಗಿಟ್ಟರೆ, 601ರ ಪೋಪ್ ಗ್ರೆಗರಿಯ ಉತ್ತರ ಅವಳನ್ನು ಹೆತ್ತ ದಿನವೇ ಒಳಗೆ ಬಿಟ್ಟಿತು.’ ಮೂರನೆಯದರಲ್ಲಿ ‘ತೊರೆದಳು’ ತೆಗೆದು ‘ಅವಳು ಕೂಸನ್ನು ಕೇಳಿದರೂ ಅಪ್ಪ ಕೊಡಲಿಲ್ಲ’ ಮಾಡಿದ್ದೇನೆ. ಎರಡನೆಯದನ್ನು ಪೂರ್ತಿ ಕೈಬಿಟ್ಟೆ.

ಕಾಳುಮೆಣಸು_68

‘ಈಜಿಪ್ಟಿನ’ ಮುಂಚೆ ‘4ನೇ ಶತಮಾನದ’ ಸೇರಿಸಿ. 40 ಯಾವುದಕ್ಕೆ, 80 ಯಾವುದಕ್ಕೆ ಅನ್ನುವುದನ್ನೂ ಬಿಡಿಸಿ ಬರೆಯಿರಿ, ಹೆಣ್ಣು ಮಗುವಿಗೆ ಇಮ್ಮಡಿ ಅನ್ನುವುದು ಮುಚ್ಚಿಹೋಗಬಾರದು. ಎರಡನೆಯದನ್ನು ಕೈಬಿಡಬೇಡಿ, 60 ವರ್ಷದ ವಿಧವೆಯರ ಪಟ್ಟಿಯ ಕಡೆಯಿಂದ ಶುರುಮಾಡಿ ಬರೆದು ನೋಡಿ.