‘ಮೊತ್ತ’ ಅಂದರೆ ಅಸಲೋ, ಬಡ್ಡಿ ಸೇರಿದ ದುಡ್ಡೋ?

ಗೆಳೆಯರೇ,

ಎಫ್‌ಡಿಎ, ಪಿಎಸ್‌ಐ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವ ಕೆಲವರಿಗೆ ಭಾನುವಾರ ಲೆಕ್ಕ ಹೇಳಿಕೊಡುತ್ತೇನೆ. ಈಗ ಸರಳ ಬಡ್ಡಿ, ಚಕ್ರಬಡ್ಡಿ ನಡೆಯುತ್ತಿದೆ. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೂ ತಪ್ಪುತ್ತಾರೆ. ಎಲ್ಲಿ ಅಂತ ನೋಡಿದರೆ ಜಾಸ್ತಿ ಸಲ ಒಂದೇ ಪದದ ಹತ್ತಿರ: ‘ಮೊತ್ತ’.

ಈ ಲೆಕ್ಕ ನೋಡಿ. ‘ಒಂದು ಮೊತ್ತವು ವಾರ್ಷಿಕ ಶೇ 10ರ ಸರಳ ಬಡ್ಡಿಯಲ್ಲಿ 2 ವರ್ಷಕ್ಕೆ 6,000 ರೂ. ಮೊತ್ತವಾಗುತ್ತದೆ. ಮೊತ್ತವೆಷ್ಟು?’ ಮೊದಲ ಮೊತ್ತ ಅಸಲು. ಎರಡನೆಯದು ಬಡ್ಡಿ ಸೇರಿದ್ದು. ಮೂರನೆಯದು ಮತ್ತೆ ಅಸಲು. ಉತ್ತರ 5,000. ಒಬ್ಬ ಹುಡುಗಿ 6,000ವನ್ನೇ ಅಸಲು ಅಂದುಕೊಂಡು, 1,200 ಬಡ್ಡಿ ಕೂಡಿಸಿ 7,200 ಬರೆದಳು. ಅವಳ ಗುಣಾಕಾರದಲ್ಲಿ ತಪ್ಪೇ ಇಲ್ಲ. ಇಂಗ್ಲಿಷಿನಲ್ಲಿ ಅಸಲಿಗೆ ಸಮ್ ಅಥವಾ ಪ್ರಿನ್ಸಿಪಲ್, ಬಡ್ಡಿ ಸೇರಿದ್ದಕ್ಕೆ ಅಮೌಂಟ್ ಅಂತ ಬೇರೆ ಬೇರೆ ಪದ. ಕನ್ನಡಕ್ಕೆ ತರುವಾಗ ಸಮ್, ಅಮೌಂಟ್ ಎರಡೂ ‘ಮೊತ್ತ’ ಆಗಿಬಿಟ್ಟಿವೆ. ಒಂದೊಂದು ಅಂಕಕ್ಕೆ ಕೆಲಸ ಕೈತಪ್ಪುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಊರಲ್ಲಿ ಸಾಲ ಕೊಡುವವರಿಗೂ ತಗೊಳ್ಳುವವರಿಗೂ ಈ ಗೊಂದಲ ಇಲ್ಲವೇ ಇಲ್ಲ. ‘ಅಸಲು ಹಾಗೇ ಇದೆ, ಬಡ್ಡಿ ಮಾತ್ರ ಕಟ್ಟಿದ್ದೀನಿ’ ಅನ್ನುತ್ತಾರೆ. ‘ಬಡ್ಡಿ ಆಸೆಗೆ ಅಸಲೂ ಹೋಯ್ತು’ ಅನ್ನುತ್ತಾರೆ. ಅಸಲು ಅರಬ್ಬಿಯಿಂದ ಬಂದದ್ದು, ಬಡ್ಡಿ ಸಂಸ್ಕೃತದ ‘ವೃದ್ಧಿ’ಯ ತದ್ಭವ. ಎರಡೂ ನಮ್ಮವೇ ಆಗಿ ಎಷ್ಟೋ ಕಾಲವಾಯಿತು. ಹಾಗಿದ್ದೂ ಪ್ರಶ್ನೆಪತ್ರಿಕೆಯಲ್ಲಿ ಅಸಲು ಬರೆಯಲು ಯಾಕೆ ಹಿಂಜರಿಕೆಯೋ!

ಊರಿನ ಮಾತೇ ಎಡವಿಸುವ ಜಾಗವೂ ಒಂದಿದೆ. ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ವರ್ಷಕ್ಕೆ ಶೇ 24. ಹೀಗೆ ಕೇಳಿ ಬೆಳೆದ ಹುಡುಗನೊಬ್ಬ ‘ಶೇ 2’ ಅಂತ ಕಂಡರೆ ಸುಮ್ನೆ 12ರಿಂದ ಗುಣಿಸಿಬಿಡುತ್ತಾನೆ. ಅವನಿಗೆ ‘ವಾರ್ಷಿಕ’ ಅನ್ನುವ ಪದಕ್ಕೆ ಗೆರೆ ಎಳೆಯಲು ಹೇಳಿದ್ದೇನೆ.

ನನ್ನ ಪ್ರಶ್ನೆಗಳು ಇವು. ಪ್ರಿನ್ಸಿಪಲ್‌ಗೆ ಯಾವಾಗಲೂ ‘ಅಸಲು’ ಅಂತಲೇ ಇಟ್ಟುಕೊಳ್ಳೋಣ. ಅಮೌಂಟ್‌ಗೆ ಏನು ಹೇಳೋಣ? ‘ಒಟ್ಟು ಮೊತ್ತ’ ಅಂದರೆ ಬಡ್ಡಿಯ ಒಟ್ಟು ಅಂತಲೂ ಕೇಳಿಸುತ್ತದೆ. ‘ಗಂಟು’ ಅನ್ನೋಣವೆಂದರೆ ನಮ್ಮ ಕಡೆ ಅದು ಅಸಲೇ. ಸದ್ಯಕ್ಕೆ ‘ಬಡ್ಡಿ ಸೇರಿದ ಮೊತ್ತ’ ಅನ್ನುತ್ತಿದ್ದೇನೆ. ಉದ್ದವಾದರೂ ಯಾರೂ ತಪ್ಪಿಲ್ಲ. ಇದಕ್ಕೆ ನಿಮ್ಮ ಕಡೆ ಒಂದೇ ಪದ ಇದೆಯೇ?

ಇನ್ನೊಂದು. ‘ಹಣ ಎರಡು ಪಟ್ಟು ಹೆಚ್ಚಾಗಲು ಎಷ್ಟು ವರ್ಷ ಬೇಕು?’ ಶೇ 10ರ ಸರಳ ಬಡ್ಡಿಯಲ್ಲಿ ಹಣ ಎರಡರಷ್ಟಾಗಲು 10 ವರ್ಷ ಸಾಕು. ಆದರೆ ಇರುವುದರ ಮೇಲೆ ಎರಡು ಪಟ್ಟು ಹೆಚ್ಚಬೇಕಾದರೆ 20 ವರ್ಷ ಬೇಕು. ನೀವು ಇದನ್ನು ಹೇಗೆ ಓದುತ್ತೀರಿ?