ಆರ್ಡರ್ ಮತ್ತೆ ಬರುತ್ತಿದೆ, ಕೈಯಲ್ಲಿ ಮಾತ್ರ ಕಾಸಿಲ್ಲ. ಏನು ಮಾಡಲಿ?

ಪ್ರಶ್ನೆ (ಕೋವಿಡ್ ಹಾವಳಿಯ ಕಾಲದಲ್ಲಿ ಬಂದದ್ದು):
ನಮಸ್ಕಾರ. ನಮ್ಮದು ಸಣ್ಣ ಪ್ರಿಂಟಿಂಗ್ ಘಟಕ, ನಾನು ಸೇರಿ ಏಳು ಜನ. ಸಭೆ ಸಮಾರಂಭಗಳ ಬ್ಯಾನರ್, ಆಮಂತ್ರಣ ಪತ್ರ, ಕಂಪನಿಗಳ ಸ್ಟೇಷನರಿ, ಇದೇ ನಮ್ಮ ಕೆಲಸ. ಕೋವಿಡ್ ಬಂದ ಮೇಲೆ ಸಮಾರಂಭಗಳೇ ನಿಂತುಹೋದವು. ವ್ಯಾಪಾರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಈಗ ಅಲ್ಪಸ್ವಲ್ಪ ಆರ್ಡರ್ ಬರುತ್ತಿದೆ. ಆದರೆ ಬಾಡಿಗೆ ಬಾಕಿ ಇದೆ, ಯಂತ್ರದ ಸಾಲದ ಕಂತು ಮುಂದೂಡಿದ್ದೇನೆ, ಪೇಪರ್ ಕೊಡುವವರು ಉದ್ರಿ ನಿಲ್ಲಿಸಿದ್ದಾರೆ. ಇನ್ನೊಂದು ಸಾಲ ಮಾಡಲಾ? ಆನ್‌ಲೈನ್‌ಗೆ ಹೋಗಲಾ? ರೇಟು ಇಳಿಸಲಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲೆಕ್ಕ ಗೊತ್ತಿರುವವರು ದಾರಿ ತೋರಿಸಿ.

ಉತ್ತರ (ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುವ ಅಕೌಂಟೆಂಟ್):
ಮೂರಕ್ಕೂ ಈಗಲೇ ಹೌದು ಅನ್ನಬೇಡಿ, ಇಲ್ಲ ಅಂತಲೂ ಅನ್ನಬೇಡಿ. ಮೊದಲು ಒಂದು ಹಾಳೆ ತಯಾರು ಮಾಡಿ. ಮುಂದಿನ 13 ವಾರಗಳನ್ನು ಅಡ್ಡಕ್ಕೆ ಬರೆಯಿರಿ. ಪ್ರತಿ ವಾರ ಎಷ್ಟು ಹಣ ನಿಜವಾಗಿ ಖಾತೆಗೆ ಬರುತ್ತದೆ, ಎಷ್ಟು ಹೊರಗೆ ಹೋಗುತ್ತದೆ, ವಾರದ ಕೊನೆಗೆ ಎಷ್ಟು ಉಳಿಯುತ್ತದೆ, ಅಷ್ಟೇ. ಬಿಲ್ ಹಾಕಿದ ದಿನ ಲೆಕ್ಕಕ್ಕಿಲ್ಲ, ದುಡ್ಡು ಬರುವ ದಿನ ಮುಖ್ಯ. ಗಿರಾಕಿ 'ಮುಂದಿನ ವಾರ ಕೊಡ್ತೀನಿ' ಅಂದರೆ ಮೂರು ವಾರ ಮುಂದೆ ಹಾಕಿಕೊಳ್ಳಿ. ಯಾವ ವಾರ ಉಳಿಕೆ ಸೊನ್ನೆಗಿಂತ ಕೆಳಗೆ ಹೋಗುತ್ತದೋ ಅದೇ ನಿಮ್ಮ ನಿಜವಾದ ಸಮಸ್ಯೆ. ಉಳಿದದ್ದೆಲ್ಲ ಆತಂಕ.

13 ವಾರ ಯಾಕೆ ಅಂದರೆ, ಅದು ಮೂರು ತಿಂಗಳು. ಬಾಡಿಗೆ, ಸಂಬಳ, ತೆರಿಗೆ, ಕಂತು ಎಲ್ಲವೂ ಕನಿಷ್ಠ ಒಂದು ಸುತ್ತು ಅದರೊಳಗೆ ಬಂದು ಹೋಗುತ್ತವೆ. ಕಷ್ಟದಲ್ಲಿರುವ ದೊಡ್ಡ ಕಂಪನಿಗಳನ್ನು ಸರಿಪಡಿಸಲು ಹೋಗುವವರೂ ಮೊದಲು ಕೇಳುವುದು ಇದೇ ಹಾಳೆಯನ್ನು.

ನಿಮ್ಮೊಬ್ಬರಿಗೇ ಹೀಗಾಯಿತು ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಬ್ಯಾಂಕೊಂದರ ಸಂಶೋಧನಾ ವಿಭಾಗವಾದ ಜೆಪಿ ಮಾರ್ಗನ್ ಚೇಸ್ ಇನ್ಸ್ಟಿಟ್ಯೂಟ್ 2016ರಲ್ಲಿ ಅಮೆರಿಕದ ಸುಮಾರು 6 ಲಕ್ಷ ಸಣ್ಣ ಉದ್ಯಮಗಳ ಖಾತೆ ನೋಡಿತ್ತು. ಬರುವ ಹಣ ಪೂರ್ತಿ ನಿಂತರೆ ನಟ್ಟನಡುವಿನ ಉದ್ಯಮ (ಅರ್ಧ ಉದ್ಯಮಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ) ತಡೆದುಕೊಳ್ಳುತ್ತಿದ್ದದ್ದು 27 ದಿನ. ಅದು ಒಳ್ಳೆಯ ಕಾಲದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಅಂತ ಕರೆದದ್ದು 2020ರ ಮಾರ್ಚ್ 11ರಂದು. ಅಲ್ಲಿಂದಾಚೆಗೂ ನೀವು ಬಾಗಿಲು ತೆರೆದಿದ್ದೀರಿ ಅಂದರೆ ಅದೇನು ಸಣ್ಣ ಮಾತಲ್ಲ.

ಪ್ರಶ್ನೆ ಕೇಳಿದವರು:
ಹಾಳೆ ಮಾಡಿದೆ ಸರ್. ಐದನೇ ವಾರಕ್ಕೇ ಸೊನ್ನೆಗಿಂತ ಕೆಳಗೆ ಹೋಗುತ್ತಿದೆ. ಯಾರಿಗೆ ಮೊದಲು ಕೊಡಬೇಕು, ಯಾರನ್ನು ಕಾಯಿಸಬೇಕು?

ಉತ್ತರ:
ಐದನೇ ವಾರದ ತೊಂದರೆ ಇವತ್ತೇ ಕಂಡಿತು, ಅಲ್ವಾ? ಹಾಳೆಯ ಉಪಯೋಗ ಅದೇ.

ಸಂಬಳ ಮೊದಲು. ಆಮೇಲೆ ಸಂಬಳದಿಂದ ಹಿಡಿದುಕೊಂಡ, ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆ. ಅದು ನಿಮ್ಮ ದುಡ್ಡಲ್ಲ, ಅದರಿಂದ ಕೈಸಾಲ ಮಾಡಿಕೊಳ್ಳಬೇಡಿ. ಆ ಹಣ ಮುಟ್ಟಿದವರು ಆಮೇಲೆ ದಂಡ, ಬಡ್ಡಿ ಎರಡೂ ಕಟ್ಟುವುದನ್ನು ಬಹಳ ನೋಡಿದ್ದೇನೆ. ಮೂರನೆಯದು, ಬರುವ ಆರ್ಡರ್ ಮುಗಿಸಲು ಬೇಕಾದ ಕಚ್ಚಾ ವಸ್ತು.

ಬಾಡಿಗೆ ಮತ್ತು ಸಾಲ ಮಾತಾಡಿ ಬಗೆಹರಿಸುವ ವಿಷಯ. ತಪ್ಪಿಸಿದ ಮೇಲೆ ಹೋಗಬೇಡಿ, ತಪ್ಪುವ ಮುಂಚೆ ಹೋಗಿ. ಹಾಳೆ ಜೊತೆಗಿರಲಿ. 'ಕಷ್ಟ ಇದೆ' ಅನ್ನುವುದಕ್ಕೂ 'ಎಂಟನೇ ವಾರದಿಂದ ಅರ್ಧ ಕಟ್ಟುತ್ತೇನೆ, ಹನ್ನೆರಡನೇ ವಾರದಿಂದ ಪೂರ್ತಿ' ಅನ್ನುವುದಕ್ಕೂ ಬಹಳ ವ್ಯತ್ಯಾಸ. ಕಟ್ಟಡದ ಮಾಲೀಕರು ಮನ್ನಾ ಒಪ್ಪದಿದ್ದರೆ, ಕೆಲವು ತಿಂಗಳು ಬಾಡಿಗೆಯನ್ನು ವ್ಯಾಪಾರದ ಶೇಕಡಾವಾರು ಲೆಕ್ಕದಲ್ಲಿ ಕೊಡಲು ಕೇಳಿ. ಖಾಲಿ ಜಾಗಕ್ಕೆ ಈಗ ಹೊಸ ಬಾಡಿಗೆದಾರರು ಸಿಗುವುದು ಕಷ್ಟ ಅಂತ ಅವರಿಗೂ ಗೊತ್ತು.

ಕಂತು ಮುಂದೂಡಿದ್ದೇನೆ ಅಂದಿರಿ. ಮುಂದೂಡಿದ್ದು ಮನ್ನಾ ಅಲ್ಲ. ಆ ಅವಧಿಗೂ ಬಡ್ಡಿ ಓಡುತ್ತಿದೆಯಾ? ಅದು ಅಸಲಿಗೆ ಸೇರುತ್ತದಾ? ಕಂತಿನ ಮೊತ್ತ ಏರುತ್ತದಾ, ಇಲ್ಲ ವರ್ಷ ಜಾಸ್ತಿ ಆಗುತ್ತದಾ? ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

ಮತ್ತೊಬ್ಬ ಸದಸ್ಯರು:
ನಾನು ಈಗಾಗಲೇ 20% ರಿಯಾಯಿತಿ ಕೊಡುತ್ತಿದ್ದೇನೆ. ಗಿರಾಕಿಗಳು ಬರುತ್ತಿದ್ದಾರೆ, ಕೈಯಲ್ಲಿ ಏನೂ ನಿಲ್ಲುತ್ತಿಲ್ಲ.

ಉತ್ತರ:
ನಿಲ್ಲುವುದಿಲ್ಲ. ಒಂದು ಕೆಲಸದ ಬೆಲೆ 100 ಅಂತಿಟ್ಟುಕೊಳ್ಳಿ. ವಸ್ತು, ಕೂಲಿ, ಸಾಗಣೆ ಸೇರಿ 60 ಹೋದರೆ ಉಳಿಯುವುದು 40. ಬಾಡಿಗೆ, ಕಂತು ಎಲ್ಲ ಆ 40ರಲ್ಲೇ ಆಗಬೇಕು. ನೀವು 80ಕ್ಕೆ ಇಳಿಸಿದಿರಿ, ಖರ್ಚು ಇನ್ನೂ 60. ಉಳಿದದ್ದು 20. ಅಂದರೆ ಮೊದಲಿನಷ್ಟೇ ಉಳಿಸಲು ಎರಡರಷ್ಟು ಕೆಲಸ ಮಾಡಬೇಕು. ಮಹಾಮಾರಿಯ ನಡುವೆ ಎರಡು ಪಟ್ಟು ಬೇಡಿಕೆ ಎಲ್ಲಿಂದ ತರುತ್ತೀರಿ?

ರೇಟು ಇಳಿಸುವ ಬದಲು ಸರಕನ್ನು ಚಿಕ್ಕದು ಮಾಡಿ. ಸಾವಿರ ಆಮಂತ್ರಣ ಪತ್ರ ಬೇಡವಾದರೆ ನೂರರ ಪ್ಯಾಕ್, ಜೊತೆಗೆ ಮೊಬೈಲ್‌ನಲ್ಲಿ ಕಳಿಸುವ ಡಿಸೈನ್. ರಿಯಾಯಿತಿ ಕೊಡಲೇಬೇಕು ಅಂದರೆ ಮುಂಗಡ ಪೂರ್ತಿ ಕಟ್ಟಿದವರಿಗೆ ಮಾತ್ರ ಕೊಡಿ. ಆಗ ಅದರಿಂದ ನಿಮಗೂ ಏನೋ ಸಿಕ್ಕಿತು.

ಆನ್‌ಲೈನ್ ವಿಷಯವೂ ಇದೇ ಲೆಕ್ಕ. ದೊಡ್ಡ ಮಾರಾಟ ತಾಣದ ಕಮಿಷನ್, ಪ್ಯಾಕಿಂಗ್, ವಾಪಸ್ ಬರುವ ಮಾಲು, ಇಷ್ಟನ್ನೂ ಆ 40ರಿಂದ ಕಳೆದು ನೋಡಿ. ಹಳೆಯ ಗಿರಾಕಿಗಳ ನಂಬರ್‌ಗಳು ನಿಮ್ಮ ಹತ್ತಿರವೇ ಇವೆ. ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವುದೂ ಆನ್‌ಲೈನೇ. ವೆಬ್‌ಸೈಟ್‌ಗೆ ಸುಮ್ನೆ ದುಡ್ಡು ಸುರಿಯುವ ಮೊದಲು ಒಂದೇ ಒಂದು ಸರಕನ್ನು ಹೀಗೆ ಮಾರಿ ನೋಡಿ.

ಇನ್ನೊಬ್ಬರು:
ವಾರಕ್ಕೊಮ್ಮೆ ಇಡೀ ಅಂಗಡಿಗೆ ಔಷಧ ಸಿಂಪಡಿಸುತ್ತಿದ್ದೇವೆ. ಅದರ ಖರ್ಚೇ ತಲೆನೋವಾಗಿದೆ. ನಿಲ್ಲಿಸಬಹುದಾ?

ಉತ್ತರ:
ಇದು ನನ್ನ ಕ್ಷೇತ್ರ ಅಲ್ಲ, ಆದರೂ ಖರ್ಚಿನ ಸಾಲು ನನ್ನದು. ಒಳಾಂಗಣದಲ್ಲಿ ಸೋಂಕುನಿವಾರಕ ಸಿಂಪಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಬೇಡ ಅಂದಿತ್ತು. ಈ ಸೋಂಕು ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ. ಹಾಗಾಗಿ ಅದೇ ದುಡ್ಡನ್ನು ಕಿಟಕಿ, ಎಕ್ಸಾಸ್ಟ್ ಫ್ಯಾನ್, ಮಾಸ್ಕ್‌ಗೆ ಹಾಕಿ. ಕೆಲಸದವರನ್ನು ಒಬ್ಬರಿಗೊಬ್ಬರು ಭೇಟಿಯಾಗದ ಎರಡು ತಂಡ ಮಾಡಿ. ಒಂದು ತಂಡ ಮನೆಯಲ್ಲಿ ಕೂತರೂ ಇನ್ನೊಂದರಿಂದ ಕೆಲಸ ಸಾಗುತ್ತದೆ. ಜ್ವರ ಬಂದವರ ಸಂಬಳ ಹಿಡಿಯಬೇಡಿ, ಹಿಡಿದರೆ ಅವರು ಜ್ವರ ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಬರುತ್ತಾರೆ.

ಪ್ರಶ್ನೆ ಕೇಳಿದವರು:
ಒಂದು ಒಳ್ಳೆಯ ಸುದ್ದಿ. ಒಂದು ಕಂಪನಿ ಒಟ್ಟಿಗೆ ಮೂರು ದೊಡ್ಡ ಆರ್ಡರ್ ಕೊಡುತ್ತಿದೆ. ಇನ್ನು ಸಾಲದ ಚಿಂತೆ ಇಲ್ಲ ಅನ್ನಿಸುತ್ತಿದೆ.

ಉತ್ತರ:
ನನಗೆ ಈಗಲೇ ಭಯ ಜಾಸ್ತಿ. ನಿಜವಾಗಿಯೂ. ವ್ಯಾಪಾರ ಬಿದ್ದಾಗ ನಾವು ಖರ್ಚು ಬಿಗಿ ಹಿಡಿದಿರುತ್ತೇವೆ, ಹೇಗೋ ಉಸಿರಾಡುತ್ತೇವೆ. ಏಳುವಾಗ ಹಣ ಒಮ್ಮೆಲೇ ಬೇಕಾಗುತ್ತದೆ. ಲಾಭದ ಆರ್ಡರ್ ಕೈಯಲ್ಲಿದ್ದೇ ಬಾಗಿಲು ಹಾಕುವವರು ಇದ್ದಾರೆ.

ಲೆಕ್ಕ ನೋಡಿ. ಒಂದೊಂದು ಆರ್ಡರ್ 100 ಅಂದರೆ, ಪೇಪರ್, ಕೂಲಿಗೆ ಮೊದಲೇ 60 ಹಾಕಬೇಕು. ಮೂರಕ್ಕೆ 180. ಮೊದಲಾದರೆ ಪೇಪರ್ ಉದ್ರಿಗೆ ಸಿಗುತ್ತಿತ್ತು, ಈಗ ನಗದು. ಆ ಕಂಪನಿ ಹಣ ಕೊಡುವುದು 60 ದಿನ ಆದ ಮೇಲೆ ಅಂತಿಟ್ಟುಕೊಳ್ಳಿ. ಅದೇ ಹೊತ್ತಿಗೆ ಮುಂದೂಡಿದ ಬಾಡಿಗೆ, ಕಂತು ಬಂದು ಕೂರುತ್ತವೆ. ಹಾಳೆಯಲ್ಲಿ ಈ ಮೂರು ಆರ್ಡರ್ ಸೇರಿಸಿ ನೋಡಿ, ಸೊನ್ನೆ ಐದನೇ ವಾರದಿಂದ ಮೂರನೇ ವಾರಕ್ಕೆ ಬಂದರೂ ಆಶ್ಚರ್ಯ ಇಲ್ಲ.

ಆದ್ದರಿಂದ 40% ಮುಂಗಡ ಕೇಳಿ. ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ, ಮೊದಲನೆಯದರ ಹಣ ಬಂದ ಮೇಲೆ ಎರಡನೆಯದರ ಪೇಪರ್ ತನ್ನಿ. ಆ ಕಂಪನಿ ಈಗ ಬೇರೆಯವರಿಗೆ ಸರಿಯಾಗಿ ಕೊಡುತ್ತಿದೆಯಾ ಅಂತ ಇಬ್ಬರನ್ನು ವಿಚಾರಿಸಿ. ಎರಡು ವರ್ಷದ ಹಿಂದಿನ ಒಳ್ಳೆಯ ಹೆಸರು ಇವತ್ತಿಗೆ ಸಾಲದು.

ಹೊಸ ಸಾಲ ಮಾಡುವುದಾದರೆ ಇಂಥ ಖಚಿತ ಆರ್ಡರ್‌ಗೆ ಮಾಡಿ. ಹಣ ಬಂದ ಕೂಡಲೇ ಅದು ತೀರಬೇಕು. ಹಳೆಯ ನಷ್ಟ ತುಂಬಲು ಸಾಲ ಬೇಡ.

ಮತ್ತೊಬ್ಬ ಸದಸ್ಯರು:
ಕೇಳಲು ಮನಸ್ಸಿಲ್ಲ, ಆದರೂ ಕೇಳುತ್ತೇನೆ. ಮುಚ್ಚುವುದು ಯಾವಾಗ?

ಉತ್ತರ:
ಒಂದು ಗೆರೆ ಈಗಲೇ ಹಾಕಿಕೊಳ್ಳಿ, ತಲೆ ತಣ್ಣಗಿರುವಾಗ. ಮುಚ್ಚಿದರೆ ಯಾರಿಗೆ ಎಷ್ಟು ಕೊಡಬೇಕು ಕೂಡಿಸಿ: ಬಾಕಿ ಸಂಬಳ, ಗಿರಾಕಿಗಳ ಮುಂಗಡ, ತೆರಿಗೆ, ಸಪ್ಲೈಯರ್ ಬಾಕಿ. ಖಾತೆಯ ಹಣ, ಬರಬೇಕಾದ ಹಣ, ಯಂತ್ರ ಮಾರಿದರೆ ಸಿಗುವುದು, ಎಲ್ಲ ಸೇರಿ ಆ ಮೊತ್ತಕ್ಕೆ ಇಳಿದ ದಿನ ನಿಲ್ಲಿಸಿ. ಎಲ್ಲರ ಬಾಕಿ ತೀರಿಸಿ ಮುಚ್ಚಿದವರು ಮತ್ತೆ ಶುರು ಮಾಡಿದರೆ ಅದೇ ಸಪ್ಲೈಯರ್ ಉದ್ರಿ ಕೊಡುತ್ತಾರೆ. ಮನೆ ಅಡವಿಟ್ಟು ಆ ಗೆರೆ ದಾಟಬೇಡಿ. ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದ್ದೀರಾ ಅಂತ ಇವತ್ತೇ ಕಾಗದ ತೆಗೆದು ಓದಿ. ವಿಮೆ ಪಾಲಿಸಿಯನ್ನೂ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ವೈರಸ್‌ನಿಂದಾದ ನಷ್ಟ ಹೊರಗಿದೆ, ಆದರೆ 2021ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಪಾಲಿಸಿಯ ಶಬ್ದಗಳನ್ನು ಓದಿ ಬಹುಮಟ್ಟಿಗೆ ಸಣ್ಣ ಉದ್ಯಮಗಳ ಪರ ತೀರ್ಪು ಕೊಟ್ಟಿದೆ. ಏಜೆಂಟ್ ಬಾಯಿಮಾತಲ್ಲಿ 'ಬರಲ್ಲ' ಅಂದರೆ ಬಿಡಬೇಡಿ, ಲಿಖಿತವಾಗಿ ಕೇಳಿ.